ಅಥಣಿಯ ಚಪ್ಪಲಿಯೂ ಪಕ್ಕದ ಬೆಳಕೂ

ಹೊಸದಾಗಿ ಕ್ಯಾಮೆರಾ ಕೊಂಡ ವಿದ್ಯಾರ್ಥಿಗಳು ಕೆಲವು ದಿನಗಳಾದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇನ್ನು ಯಾವ ಮಸೂರವನ್ನು ಕೊಳ್ಳಬೇಕೆಂಬುದು. ಮಸೂರಕ್ಕಿಂತ ಮೊದಲು ಕ್ಯಾಮೆರಾದಿಂದ ಬೇರೆಯಾಗಿ ನಿಲ್ಲಬಲ್ಲ ಒಂದು ಫ್ಲ್ಯಾಷ್ ದೀಪವನ್ನು ಕೊಳ್ಳಬೇಕೆಂದೂ, ಅದು ಎಲ್ಲವನ್ನೂ ತಾನೇ ನಿರ್ಧರಿಸುವ ದುಬಾರಿ ದೀಪವಾಗಿರದೆ ಕೈಯಿಂದ ಹೊಂದಿಸುವ ಸಾದಾ ದೀಪವಾಗಿರಬೇಕೆಂದೂ ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ; ಅಥಣಿಯ ಒಂದು ಜೊತೆ ಚಪ್ಪಲಿ ಸಾಕು.

ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮದಲ್ಲಿ ಹೊಲಿಯುವ ಪಾದರಕ್ಷೆಗಳು ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. 2019ರಲ್ಲಿ ಈ ಹೆಸರಿಗೆ ದೊರೆತ ಭೌಗೋಳಿಕ ಸೂಚಕದ ಮನ್ನಣೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಇದೇ ಮಾದರಿಯ ಪಾದರಕ್ಷೆಗಳನ್ನು ಮಿಲಾನ್ ನಗರದಲ್ಲಿ ಮೂಲವನ್ನು ಹೇಳದೆ ಪ್ರದರ್ಶಿಸಿ, ಆಕ್ಷೇಪಣೆಗಳು ಬಂದ ಮೇಲೆ ಭಾರತದ ಕುಶಲಕರ್ಮಿಗಳಿಗೆ ತಾನು ಋಣಿಯೆಂಬುದನ್ನು ಒಪ್ಪಿಕೊಂಡಿತು. ಇಂಥ ಕೆಲಸದ ಬೆಲೆಯಿರುವುದು ಕೈಹೆಣಿಗೆಯಲ್ಲಿ. ಆದರೆ ಇಂದು ಕೊಳ್ಳುವವರಲ್ಲಿ ಅನೇಕರು ಚಪ್ಪಲಿಯನ್ನು ಮುಟ್ಟುವ ಮೊದಲು ಮೊಬೈಲಿನ ತೆರೆಯ ಮೇಲೆ ಅದರ ಚಿತ್ರವನ್ನು ನೋಡುತ್ತಾರೆ. ಆ ಚಿತ್ರದಲ್ಲಿ ಹೆಣಿಗೆ ಕಾಣದಿದ್ದರೆ, ಕೈಯ ಕೆಲಸಕ್ಕೂ ಯಂತ್ರದ ಅಚ್ಚಿಗೂ ಏನು ವ್ಯತ್ಯಾಸ ಉಳಿಯಿತು?

ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್ ಈ ಹೆಣಿಗೆಯನ್ನು ಮರೆಮಾಡಿಬಿಡುತ್ತದೆ. ಬೆಳಕು ಮಸೂರದ ದಿಕ್ಕಿನಿಂದಲೇ ಬಿದ್ದಾಗ ಪ್ರತಿಯೊಂದು ಉಬ್ಬಿನ ನೆರಳೂ ಅದರ ಹಿಂದೆಯೇ ಅಡಗುತ್ತದೆ. ನೆರಳಿಲ್ಲದ ಕಡೆ ಉಬ್ಬುತಗ್ಗುಗಳು ಕಣ್ಣಿಗೆ ತಿಳಿಯವು. ಅದೇ ದೀಪವನ್ನು ಒಂದು ಪಕ್ಕಕ್ಕೆ ಒಯ್ದು, ಚರ್ಮದ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬೆಳಕನ್ನು ಓರೆಯಾಗಿ ಬೀಳಿಸಿದರೆ, ಒಂದೊಂದು ಎಳೆಯೂ ತನ್ನ ನೆರಳಿನೊಡನೆ ಎದ್ದು ನಿಲ್ಲುತ್ತದೆ. ರಾಯಬಾಗದ ಕಡೆಯ ಉತ್ತ ಹೊಲಗಳ ಸಾಲುಗಳು ನಡುಹಗಲಿನಲ್ಲಿ ಮಾಸಿ ಕಂಡು, ಸಂಜೆಯ ಬಿಸಿಲಿನಲ್ಲಿ ಸ್ಪಷ್ಟವಾಗುವುದೂ ಇದೇ ಕಾರಣದಿಂದ.

ಇನ್ನು ದೀಪದ ಆಯ್ಕೆ. ಸ್ವಯಂಚಾಲಿತ ದೀಪವು ಮದುವೆಯ ಮಂಟಪದಲ್ಲಿ, ಓಡಾಡುವ ಜನರ ನಡುವೆ ಉಪಯುಕ್ತವೆಂಬುದನ್ನು ಒಪ್ಪಬೇಕು. ಆದರೆ ಚಪ್ಪಲಿಯು ಓಡಿಹೋಗುವುದಿಲ್ಲ. ಕಲಿಯುವವನಿಗೆ ಬೇಕಾದಷ್ಟು ಸಮಯವುಂಟು. ಸಾದಾ ದೀಪದ ಸಾಮರ್ಥ್ಯವನ್ನು ಮಾರ್ಗದರ್ಶಿ ಸಂಖ್ಯೆಯಿಂದ ಸೂಚಿಸುತ್ತಾರೆ. ಐಎಸ್‌ಒ 100ರಲ್ಲಿ ಈ ಸಂಖ್ಯೆಯನ್ನು, ದೀಪದಿಂದ ವಸ್ತುವಿಗೆ ಇರುವ ದೂರದ ಮೀಟರುಗಳಿಂದ ಭಾಗಿಸಿದರೆ ಮಸೂರದ ರಂಧ್ರದ ಅಂಕ ದೊರೆಯುತ್ತದೆ. ಸಂಖ್ಯೆ 32 ಆಗಿದ್ದು ದೂರ 4 ಮೀಟರ್ ಆದರೆ ರಂಧ್ರ ಎಫ್/8. ದೂರವನ್ನು 2 ಮೀಟರಿಗೆ ಇಳಿಸಿದರೆ ಅದೇ ರಂಧ್ರಕ್ಕೆ ದೀಪದ ಶಕ್ತಿಯ 1/4 ಭಾಗ ಸಾಕು. 1 ಮೀಟರಿಗೆ ಇಳಿಸಿದರೆ 1/16 ಭಾಗ ಸಾಕು. ಭೌತಶಾಸ್ತ್ರದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ವಿಲೋಮವರ್ಗ ನಿಯಮವೇ ಇದು. ಇದನ್ನು ಕೈಯಾರೆ ಹೊಂದಿಸಿ ತಿಳಿದವನು ಮರೆಯಲಾರನು.

ದೂರದ ದೀಪವನ್ನು ಉರಿಸುವ ಬಗೆಗಳು ಮೂರು. ತಂತಿಯು ಅಗ್ಗ, ನಂಬಿಗಸ್ತ. ಆದರೆ ಕಾಲಿಗೆ ತೊಡರುತ್ತದೆ. ಎರಡನೆಯದು, ಇನ್ನೊಂದು ಫ್ಲ್ಯಾಷಿನ ಬೆಳಕನ್ನು ಕಂಡೊಡನೆ ತಾನೂ ಹೊಳೆಯುವ ಬೆಳಕಿನ ಕಣ್ಣು. ಇದು ಬಿಸಿಲಿನಲ್ಲಿ ಕುರುಡಾಗುವುದುಂಟು. ಕ್ಯಾಮೆರಾದ ಫ್ಲ್ಯಾಷ್ ಅಳತೆಗಾಗಿ ಬೀರುವ ಮುನ್ಮಿಂಚಿಗೆ ಮೋಸಹೋಗಿ ಮೊದಲೇ ಹೊಳೆದುಬಿಡುವುದೂ ಉಂಟು. ಮೂರನೆಯದಾದ ರೇಡಿಯೊ ಟ್ರಿಗರ್ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅಲೆಗಳಿಂದ ಕೆಲಸ ಮಾಡುತ್ತದೆ. ಅದಕ್ಕೆ ಬಿಸಿಲಿನ ಭಯವಿಲ್ಲ. ಹಣವಿದ್ದರೆ ಇದನ್ನೇ ಆರಿಸಬೇಕು.

ಕೊಳ್ಳುವ ಮೊದಲು ಎರಡು ವಿಷಯಗಳನ್ನು ಪರೀಕ್ಷಿಸಬೇಕು. ಫ್ಲ್ಯಾಷನ್ನು ಸಿಕ್ಕಿಸುವ ಹಾಟ್ ಶೂವಿನ ನಡುವೆ ದುಂಡನೆಯ ಲೋಹದ ಬಿಂದು ಇರುತ್ತದೆ. ಸಾದಾ ಟ್ರಿಗರಿಗೆ ಆಜ್ಞೆ ಹೋಗುವುದು ಅಲ್ಲಿಂದಲೇ. ಆರಂಭಿಕರಿಗಾಗಿ ಈಚೆಗೆ ಬಂದ ಕೆಲವು ಕ್ಯಾಮೆರಾಗಳಲ್ಲಿ ಈ ಬಿಂದುವೇ ಇಲ್ಲ. ಅಂಥವಕ್ಕೆ ಆಯಾ ಕ್ಯಾಮೆರಾಕ್ಕೆಂದೇ ಮಾಡಿದ ಟ್ರಿಗರನ್ನು ಕೊಳ್ಳಬೇಕು. ಎರಡನೆಯದಾಗಿ, ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಫ್ಲ್ಯಾಷನ್ನು ಅವಸರದಿಂದ ಕ್ಯಾಮೆರಾಕ್ಕೆ ಜೋಡಿಸಬಾರದು. ಹಳೆಯ ಕೆಲವು ದೀಪಗಳ ಸಂಪರ್ಕಬಿಂದುಗಳಲ್ಲಿ 200 ವೋಲ್ಟಿಗೂ ಮೀರಿದ ಒತ್ತಡವಿದ್ದು, ಇಂದಿನ ಕ್ಯಾಮೆರಾದ ಸೂಕ್ಷ್ಮ ಮಂಡಲಗಳನ್ನು ಅದು ಕೆಡಿಸಬಲ್ಲದು. ಷಟರಿನ ವೇಗವನ್ನೂ ಸೆಕೆಂಡಿನ 1/160ರ ಆಸುಪಾಸಿನಲ್ಲಿ ಇರಿಸುವುದು ಕ್ಷೇಮ. ಬಹಳ ಹೆಚ್ಚಿಸಿದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಮೂಡುತ್ತದೆ.

ನೆರಳುಗಳನ್ನು ಆಮೇಲೆ ಗಣಕಯಂತ್ರದಲ್ಲಿ ಬರೆದುಕೊಳ್ಳಬಹುದಲ್ಲವೆ ಎಂದು ಕೆಲವರು ಕೇಳಬಹುದು. ಬರೆಯಬಹುದು, ಆದರೆ ಅದು ಬರೆದವನ ಊಹೆ, ಹೆಣೆದವನ ಕೆಲಸಕ್ಕೆ ಸಾಕ್ಷಿಯಲ್ಲ.

ಚಿಕ್ಕೋಡಿಯ, ಕಾಗವಾಡದ ಕಾಲೇಜುಗಳಲ್ಲಿ ಓದುವ ನಾಲ್ವರು ಗೆಳೆಯರು ಹಣ ಕೂಡಿಸಿ ಒಂದು ದೀಪವನ್ನೂ ಒಂದು ಟ್ರಿಗರನ್ನೂ ಕೊಳ್ಳಲಿ. ಒಂದು ಭಾನುವಾರ ಅಥಣಿಗೆ ಹೋಗಿ, ಚಪ್ಪಲಿ ಹೊಲಿಯುವವರ ಒಪ್ಪಿಗೆ ಪಡೆದು, ಅವರ ಕೆಲಸದ ಚಿತ್ರಗಳನ್ನು ಪಕ್ಕದ ಬೆಳಕಿನಲ್ಲಿ ತೆಗೆದು ಅವರಿಗೇ ಕೊಟ್ಟುಬರಲಿ. ಕಲಿತ ವಿಜ್ಞಾನವು ಇನ್ನೊಬ್ಬರ ದುಡಿಮೆಯನ್ನು ಕಾಣುವಂತೆ ಮಾಡಿದರೆ, ಆ ಭಾನುವಾರ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.