ಪದವಿಯೊಂದೇ ದ್ವೇಷಕ್ಕೆ ಮದ್ದಲ್ಲ

ವಿದ್ಯೆ ಹೆಚ್ಚಿದಂತೆ ಯಹೂದಿ ದ್ವೇಷ ತಾನಾಗಿ ಅಳಿಯುವುದೆಂದು ನಂಬುವವರು ಜರ್ಮನಿಯ ಇತಿಹಾಸವನ್ನೊಮ್ಮೆ ಓದಲಿ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೀಯಲ್ಲಿ 15 ಮಂದಿ ನಾಝಿ ಅಧಿಕಾರಿಗಳು ಸಭೆ ಸೇರಿ ಯುರೋಪಿನ ಯಹೂದಿಯರ ಸಾಮೂಹಿಕ ಹತ್ಯೆಯ ಏರ್ಪಾಡುಗಳನ್ನು ಚರ್ಚಿಸಿದರು. ಅವರಲ್ಲಿ 8 ಮಂದಿ ಡಾಕ್ಟರೇಟ್ ಪಡೆದವರು! ವಿದ್ಯೆ ಅವರ ದ್ವೇಷವನ್ನು ಅಳಿಸಲಿಲ್ಲ. ಅದಕ್ಕೆ ಕಡತ, ಲೆಕ್ಕ, ಕ್ರಮಬದ್ಧತೆಗಳನ್ನು ಒದಗಿಸಿತು.

ನಮ್ಮ ಮನೆಗಳ ಸ್ಥಿತಿಯೇನು? ಯಹೂದಿಯರು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂದು ಸಾರುವ 'ಪ್ರೋಟೋಕಾಲ್' ಗ್ರಂಥ ಖೋಟಾ ಎಂಬುದನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆ 1921ರಲ್ಲೇ ಬಯಲಿಗೆಳೆದಿತ್ತು. ಆದರೂ ಅದೇ ಕಟ್ಟುಕಥೆಯನ್ನು ನಮ್ಮ ಪದವೀಧರರು ಇಂದಿಗೂ ವಾಟ್ಸ್ಆ್ಯಪ್‌ನಲ್ಲಿ ಹಂಚುತ್ತಾರೆ. ಸುದ್ದಿಯನ್ನು ಪರಿಶೀಲಿಸಬೇಕೆಂಬ ಕುರ್‌ಆನಿನ ಆದೇಶ ಆಗ ಯಾರಿಗೂ ನೆನಪಾಗುವುದಿಲ್ಲ.

ಫೆಲೆಸ್ತೀನಿನ ಮರ್ದಿತರ ಪರ ನಿಲ್ಲುವುದು ನಮ್ಮ ಕರ್ತವ್ಯ. ಆದರೆ ಇಸ್ರೇಲ್ ಸರಕಾರದ ಅಪರಾಧವನ್ನು ಇಡೀ ಯಹೂದಿ ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂದು ಅಲ್ಲಾಹನು ಎಚ್ಚರಿಸಿದ್ದಾನೆ (ಅಲ್‌ಮಾಇದಃ: 8). ಯಹೂದಿಯೊಬ್ಬರ ಶವಯಾತ್ರೆ ಸಾಗುವಾಗ ಪ್ರವಾದಿವರ್ಯರು(ಸ) ಎದ್ದು ನಿಂತರು. ಅದೂ ಒಂದು ಮಾನವ ಜೀವವಲ್ಲವೇ ಎಂದು ಅನುಚರರನ್ನು ಕೇಳಿದರು.

ಮಕ್ಕಳಿಗೆ ಪದವಿಯ ಜೊತೆಗೆ ಈ ನ್ಯಾಯಪ್ರಜ್ಞೆಯನ್ನೂ ಕಲಿಸೋಣ. ಇಲ್ಲವಾದರೆ ನಾವು ಬೆಳೆಸುವುದು ಸುಶಿಕ್ಷಿತ ದ್ವೇಷಿಗಳನ್ನೇ.