ಅವನಿಗೂ ಹಕ್ಕುಂಟೆ?

ಭಯೋತ್ಪಾದಕರಿಗೆ ಮಾನವ ಹಕ್ಕುಗಳೇಕೆ ಎಂಬ ಮಾತು ಪತ್ರಿಕೆ ಓದುವ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅನ್ಯರ ಹಕ್ಕನ್ನು ತುಳಿಯಹೊರಟವನು ತನ್ನ ಹಕ್ಕನ್ನು ಕೇಳುವುದು ನ್ಯಾಯವೇ ಎಂಬುದು ಅದರ ತಾತ್ಪರ್ಯ. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚುನಾವಣೆಯ ಮೆಟ್ಟಿಲೇರಿ ಬಂದ ನಾಜಿಗಳು 1933ರಲ್ಲಿ ಜರ್ಮನಿಯ ಪ್ರಜಾಪ್ರಭುತ್ವವನ್ನೇ ಅಳಿಸಿಹಾಕಿದರು. ಆ ಗಾಯ ಹಸಿಯಾಗಿದ್ದಾಗಲೇ ಬಂದ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30ನೆಯ ವಿಧಿಯೂ 1950ರ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 17ನೆಯ ವಿಧಿಯೂ ಹಕ್ಕುಗಳ ದುರುಪಯೋಗವನ್ನು ನಿಷೇಧಿಸಿದವು. ಹಕ್ಕುಗಳನ್ನು ನಾಶಪಡಿಸುವ ಅಧಿಕಾರ ಯಾವ ರಾಷ್ಟ್ರಕ್ಕೂ, ಗುಂಪಿಗೂ, ವ್ಯಕ್ತಿಗೂ ಇಲ್ಲವೆಂಬುದೇ ಅವುಗಳ ಸಾರ. ರಾಷ್ಟ್ರವೆಂಬ ಪದ ಅಲ್ಲಿ ಮೊದಲು ಬರುತ್ತದೆಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಭಾರತವು 1979ರಲ್ಲಿ ಸೇರಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲೂ ಇದೇ ನಿಯಮವಿದೆ.

ಹಾಗಾದರೆ ಇಂಥವನನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಬಹುದೆ? ಐರ್ಲೆಂಡಿನ ಲಾಲೆಸ್ ಪ್ರಕರಣದಲ್ಲಿ ಎದ್ದದ್ದು ಇದೇ ಪ್ರಶ್ನೆ. ನಿಷೇಧಿತ ಐರಿಷ್ ರಿಪಬ್ಲಿಕನ್ ಆರ್ಮಿಗೆ ಸೇರಿದವನೆಂಬ ಶಂಕೆಯ ಮೇಲೆ ಜೆರಾರ್ಡ್ ಲಾಲೆಸ್ ಎಂಬಾತನನ್ನು 1957ರ ಜುಲೈ 11ರಂದು, ಇಂಗ್ಲೆಂಡಿಗೆ ಹಡಗು ಹತ್ತಲಿದ್ದಾಗ ಬಂಧಿಸಲಾಯಿತು. ವಿಚಾರಣೆ ನಡೆಯಲಿಲ್ಲ. ಐದು ತಿಂಗಳು ಆತ ಬಂದಿಯಾಗಿದ್ದ. ಮೊಕದ್ದಮೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದಾಗ, ಇಂಥವನಿಗೆ ಒಡಂಬಡಿಕೆಯ ರಕ್ಷಣೆಯೇ ಸಲ್ಲದೆಂದು ಸರಕಾರ 17ನೆಯ ವಿಧಿಯನ್ನು ಮುಂದೊಡ್ಡಿತು.

1961ರ ಜುಲೈ 1ರ ತೀರ್ಪಿನಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ತನ್ನ ಕೃತ್ಯಗಳ ಸಮರ್ಥನೆಗೆ ಲಾಲೆಸ್ ಒಡಂಬಡಿಕೆಯನ್ನು ಬಳಸಿರಲಿಲ್ಲ. ವಿಚಾರಣೆಯಿಲ್ಲದ ಬಂಧನವನ್ನಷ್ಟೇ ಪ್ರಶ್ನಿಸಿದ್ದ. ಈ ವ್ಯತ್ಯಾಸವೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಯಹೂದ್ಯರ ನರಮೇಧವನ್ನು ಅಲ್ಲಗಳೆದ ಫ್ರೆಂಚ್ ಲೇಖಕ ರೋಜೆ ಗರೋದಿ ಶಿಕ್ಷೆಗೊಳಗಾಗಿ ವಾಕ್ ಸ್ವಾತಂತ್ರ್ಯದ ಮರೆಹೊಕ್ಕಾಗ, 2003ರಲ್ಲಿ ಅದೇ ನ್ಯಾಯಾಲಯ ಅದೇ ವಿಧಿಯನ್ನು ತೋರಿಸಿ ಆ ರಕ್ಷಣೆಯನ್ನು ನಿರಾಕರಿಸಿತು. ಅಲ್ಲಿ ಹಕ್ಕೇ ಆಯುಧವಾಗಿತ್ತು. ಬಂಧನಕ್ಕೆ ಕಾರಣ ಕೇಳುವವನ ಕೈಯಲ್ಲಿ ಯಾವ ಆಯುಧವಿದೆ?

ಲಾಲೆಸ್ ಗೆದ್ದನೆಂದು ಓದುಗರು ತಿಳಿಯಬಾರದು. ರಾಷ್ಟ್ರದ ಬದುಕಿಗೇ ಅಪಾಯ ತರುವ ತುರ್ತು ಪರಿಸ್ಥಿತಿ ಆಗ ಇತ್ತೆಂದು ನ್ಯಾಯಾಲಯ ಒಪ್ಪಿತು; ಆತ ಸೋತ. ಆದರೆ ಅಂಥ ಪರಿಸ್ಥಿತಿ ಇತ್ತೆಂಬುದನ್ನು, ಹಡಗುಕಟ್ಟೆಯಲ್ಲಿ ಸಿಕ್ಕಿಬಿದ್ದ ಒಬ್ಬ ಶಂಕಿತನ ದೂರಿಗೆ ಉತ್ತರವಾಗಿ, ಒಂದು ಸರಕಾರ ನ್ಯಾಯಾಧೀಶರ ಮುಂದೆ ನಿಂತು ವಿವರಿಸಬೇಕಾಯಿತು.