ಪೈಪಿಗೆ ಅಯಸ್ಕಾಂತ ಕಟ್ಟಿದರೆ ಗಡಸು ನೀರು ಮೃದುವಾಗುತ್ತದೆಯೇ? ಕಂಪ್ಯೂಟರ್ ಲೆಕ್ಕ ಹೇಳುವುದೇ ಬೇರೆ

ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಭಾಗದಲ್ಲಿ ಬೋರ್‌ವೆಲ್ ನಂಬಿದವರಿಗೆ ಗಡಸು ನೀರಿನ ಕಾಟ ಹೊಸದಲ್ಲ. ಡ್ರಿಪ್ ಪೈಪು ಕಟ್ಟಿಕೊಳ್ಳುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಇದಕ್ಕೆ ಮೊಬೈಲಿನಲ್ಲಿ ಸಿಗುವ ಸುಲಭದ ಪರಿಹಾರ: "ಪೈಪಿಗೆ ಅಯಸ್ಕಾಂತ ಕಟ್ಟಿ. ಮೇಲ್ಮೈ ಎಳೆತ ಕಡಿಮೆಯಾಗಿ ನೀರು ಮೃದುವಾಗುತ್ತದೆ." ಹುಡುಕಿದರೆ ಅಯಸ್ಕಾಂತ, ಎಳೆತ ಎರಡೂ ಪದಗಳಿರುವ ಕಂಪ್ಯೂಟರ್ ಸಂಶೋಧನೆಗಳೂ ಸಿಗುತ್ತವೆ. ಅವು ನಿಜ. ಆದರೆ ಅವು ಹೇಳುವುದು ಇದನ್ನಲ್ಲ.

ಆ ಸಂಶೋಧನೆಯಲ್ಲಿ ಏನಿದೆ?

ಚೆಸ್ ಬೋರ್ಡಿನ ಪ್ರತಿ ಮನೆಯಲ್ಲೂ ಒಂದು ಪುಟ್ಟ ಅಯಸ್ಕಾಂತ ಇದೆ ಎಂದುಕೊಳ್ಳಿ. ಮುಖ ಮೇಲಕ್ಕೆ ಅಥವಾ ಕೆಳಕ್ಕೆ. ಪಕ್ಕದವರ ಮುಖ ಬೇರೆಯಾದರೆ ಶಕ್ತಿ ಹೆಚ್ಚು ಬೇಕು. ಇದು ಐಸಿಂಗ್ ಮಾದರಿ. ಅರ್ನ್ಸ್ಟ್ ಐಸಿಂಗ್ 1925ರಲ್ಲಿ ಒಂದೇ ಸಾಲಿನ ಲೆಕ್ಕ ಪ್ರಕಟಿಸಿದರು. 1944ರಲ್ಲಿ ಲಾರ್ಸ್ ಆನ್ಸಾಗರ್ ಇಡೀ ಬೋರ್ಡಿನ ಲೆಕ್ಕ ಬಿಡಿಸಿದರು.

ಮೇಲ್ಮುಖದವರ ಗುಂಪು ಕೆಳಮುಖದವರ ಗುಂಪಿಗೆ ತಾಗುವಲ್ಲಿ ಒಂದು ಗಡಿ ಮೂಡುತ್ತದೆ, ಎರಡು ಹೊಲದ ನಡುವಿನ ಬದುವಿನಂತೆ. ಬದು ಉದ್ದವಾದಷ್ಟೂ ಖರ್ಚು ಹೆಚ್ಚು. ಈ ಖರ್ಚಿನ ದರವೇ 'ಗಡಿಯ ಎಳೆತ'. ಬಿಸಿ ಏರಿದಂತೆ ಅದು ಇಳಿದು, ಒಂದು ಹಂತದಲ್ಲಿ ಸೊನ್ನೆಯಾಗುತ್ತದೆ. ಆಗ ಅಯಸ್ಕಾಂತ ಗುಣವೂ ಹೋಗುತ್ತದೆ. ನಿಜವಾದ ಕಬ್ಬಿಣಕ್ಕೆ ಆ ಹಂತ ಸುಮಾರು 770 ಡಿಗ್ರಿ ಸೆಲ್ಸಿಯಸ್. ಒಂದು ಕಾಲದಲ್ಲಿ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿಯಲ್ಲಿ ತಯಾರಾದ ಕಬ್ಬಿಣಕ್ಕೂ ಇದೇ ನಿಯಮ.

ಮೂರು ಆಯಾಮಕ್ಕೆ ಇಂಥ ಪೂರ್ಣ ಸೂತ್ರ ಸಿಕ್ಕಿಲ್ಲ. ಅದಕ್ಕೇ ಕಂಪ್ಯೂಟರ್. ದಾಳ ಎಸೆದಂತೆ ಅಯಸ್ಕಾಂತಗಳನ್ನು ಲಕ್ಷಾಂತರ ಬಾರಿ ತಿರುಗಿಸಿ ನೋಡುವ ಈ ವಿಧಾನದ ಹೆಸರು ಮಾಂಟೆ ಕಾರ್ಲೊ. ಎರಡು ಗುಂಪೂ ಒಟ್ಟಿಗೆ ಇರುವ ಸ್ಥಿತಿ ಎಷ್ಟು ಅಪರೂಪ ಎಂದು ಎಣಿಸಿ ಎಳೆತವನ್ನು ಅಳೆಯುವ ದಾರಿಯನ್ನು 1982ರಲ್ಲಿ ಕುರ್ಟ್ ಬೈಂಡರ್ ತೋರಿಸಿದರು.

ಹಾಗಾದರೆ ನೀರು?

ಇದೇ ಲೆಕ್ಕ ದ್ರವ ಮತ್ತು ಆವಿಯ ನಡುವಿನ ಗಡಿಗೂ ಹೊಂದುತ್ತದೆ. 'ಮೇಲೆ' ಎಂದರೆ ಅಲ್ಲಿ ಅಣು ಇದೆ, 'ಕೆಳಗೆ' ಎಂದರೆ ಇಲ್ಲ. ಹೋಲಿಕೆ ಗಣಿತದಲ್ಲಿ ಮಾತ್ರ. ಅಲ್ಲಿ ಯಾರೂ ನೀರಿಗೆ ಅಯಸ್ಕಾಂತ ಹಿಡಿದಿಲ್ಲ.

ನೀರಿನ ಗಡಸುತನಕ್ಕೆ ಕಾರಣ ಮೇಲ್ಮೈ ಎಳೆತವಲ್ಲ, ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಪೈಪಿನ ಹೊರಗೆ ಕಟ್ಟಿದ ಅಯಸ್ಕಾಂತ ಅವುಗಳನ್ನು ನೀರಿನಿಂದ ತೆಗೆಯುವುದಿಲ್ಲ. ಫ್ಲೋರೈಡ್ ಇದ್ದರೆ ಅದನ್ನೂ ತೆಗೆಯುವುದಿಲ್ಲ. ಪೈಪಿನಲ್ಲಿ ಪದರ ಕಟ್ಟುವುದು ಕಡಿಮೆಯಾಗುತ್ತದೆಯೇ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ಏನು ಮಾಡಬೇಕು?

ಮೊದಲು ನೀರು ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಫ್ಲೋರೈಡ್ ಮಿತಿ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ.

"ಕಂಪ್ಯೂಟರ್ ಸಾಬೀತು ಮಾಡಿದೆ" ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಕಂಪ್ಯೂಟರಿನೊಳಗೆ ಇದ್ದದ್ದು ನೀರೋ, ಚೆಸ್ ಬೋರ್ಡೋ?